ಚಾರಣಕ್ಕೆ, ಕ್ಯಾಂಪಿಂಗ್‌ಗೆ ಹಲವು ಮೋಡ್ ಇರುವ ಎಲ್‌ಇಡಿ ಟಾರ್ಚ್ ತಗೋಬೇಕು. ಎಷ್ಟು ಲುಮೆನ್ ಬೇಕು? ಜೂಮ್ ಇರೋದು ಒಳ್ಳೇದಾ?

ಲುಮೆನ್ ಅಂದರೆ ಟಾರ್ಚ್ ಒಟ್ಟು ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ. ನಡೆಯುವುದಕ್ಕೆ 100ರಿಂದ 150 ಲುಮೆನ್ ಸಾಕು. ಜೂಮ್ ಬೇಡ. ಪಶ್ಚಿಮ ಘಟ್ಟದ ಕಡೆ ಹೋಗುತ್ತೇನೆ ಅಂತ ಬರೆದಿದ್ದೀರಿ, ಆನ್‌ಲೈನ್‌ನಲ್ಲಿ ಕಂಡ 5 ಮೋಡ್‌ನ ಟಾರ್ಚ್ ತಗೊಳ್ಳಲಾ ಅಂತಲೂ ಕೇಳಿದ್ದೀರಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಲುಮೆನ್ ನೋಡಿ ಟಾರ್ಚ್ ಆರಿಸಬೇಡಿ. ಅದರ ಅತಿ ಕಡಿಮೆ ಬೆಳಕು ಎಷ್ಟು, ನಡುವಿನ ಬೆಳಕು ಎಷ್ಟು ಹೊತ್ತು ನಿಲ್ಲುತ್ತದೆ, ಅದನ್ನು ನೋಡಿ. ಕಾಡಿನಲ್ಲಿ ನಿಮ್ಮ ಹೊತ್ತೆಲ್ಲ ಕಳೆಯುವುದು ಆ ಎರಡರಲ್ಲೇ.

ಒಂದು ಸಣ್ಣ ಲೆಕ್ಕ ಗೊತ್ತಿದ್ದರೆ ಯಾವ ಜಾಹೀರಾತೂ ನಿಮ್ಮನ್ನು ಮರುಳು ಮಾಡಲಾರದು. ಒಳ್ಳೆಯ ಟಾರ್ಚ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 18650 ಎಂಬ ಲಿಥಿಯಂ ಸೆಲ್. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. 3000 ಎಂಎಎಚ್ ಸೆಲ್‌ನಲ್ಲಿ ಸುಮಾರು 11 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಒಂದು ವ್ಯಾಟ್‌ಗೆ ಸುಮಾರು 100 ಲುಮೆನ್ ಅಂತ ಇಟ್ಟುಕೊಳ್ಳಿ. ಅಲ್ಲಿಗೆ 100 ಲುಮೆನ್‌ನಲ್ಲಿ ಹತ್ತು ಗಂಟೆ ಚಿಲ್ಲರೆ, 300ರಲ್ಲಿ ಮೂರೂವರೆ ಗಂಟೆ, 1000ದಲ್ಲಿ ಒಂದು ಗಂಟೆ. ಈ ಕೊನೆಯದೂ ಕಾಗದದ ಮೇಲೆ ಮಾತ್ರ. ಅಂಗೈಯಲ್ಲಿ ಹಿಡಿಯುವ ಟಾರ್ಚ್ ಅಷ್ಟು ಬೆಳಕಿನಲ್ಲಿ ಕೆಲವೇ ನಿಮಿಷಕ್ಕೆ ಬಿಸಿಯಾಗಿ, ತಾನೇ ಬೆಳಕು ಇಳಿಸಿಕೊಳ್ಳುತ್ತದೆ. ಹಾಗಿರುವಾಗ ಮೂರು ಎಎಎ ಸೆಲ್ ಹಾಕುವ ಟಾರ್ಚ್ 'ಹತ್ತು ಸಾವಿರ ಲುಮೆನ್' ಕೊಡಲು ಹೇಗೆ ಸಾಧ್ಯ, ಅಲ್ವಾ?

ನಂಬಿಕಸ್ಥ ಕಂಪನಿಗಳು ಎಎನ್‌ಎಸ್‌ಐ ಎಫ್‌ಎಲ್1 ಅನ್ನುವ, ಟಾರ್ಚ್ ಪರೀಕ್ಷಿಸುವ ಮಾನದಂಡದ ಪ್ರಕಾರ ಅಂಕಿ ಕೊಡುತ್ತವೆ. ಅದನ್ನು ಓದುವಾಗಲೂ ಹುಷಾರಾಗಿರಬೇಕು. ಅದರಲ್ಲಿ 'ರನ್‌ಟೈಮ್' ಅಂದರೆ ಬೆಳಕು ಮೊದಲಿನ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಸಮಯ. '1000 ಲುಮೆನ್, 3 ಗಂಟೆ' ಅಂತ ಬರೆದಿದ್ದರೆ ಮೂರು ಗಂಟೆಯೂ ಸಾವಿರ ಲುಮೆನ್ ಇರುತ್ತದೆ ಅಂತಲ್ಲ. ಮೊದಲ ಕೆಲವು ನಿಮಿಷ ಸಾವಿರ, ಆಮೇಲೆ ಮುನ್ನೂರು ಇದ್ದೀತು. ದೂರದ ಅಂಕಿಯೂ ಹೀಗೇ. ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚು ಕಡಿಮೆ ಹುಣ್ಣಿಮೆ ಬೆಳಕಿನಷ್ಟಕ್ಕೆ ಇಳಿಯುವ ದೂರ ಅದು. 200 ಮೀಟರ್ ಅಂತ ಇದ್ದರೆ ಅಷ್ಟು ದೂರದ ಕಲ್ಲು, ಬೇರು ಸ್ಪಷ್ಟವಾಗಿ ಕಾಣುವುದಿಲ್ಲ. ನಾನು ಅದರ ಅರ್ಧಕ್ಕಿಂತ ಕಡಿಮೆಯನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಈಗ ಮೋಡ್‌ಗಳ ವಿಷಯ. ಟೆಂಟ್ ಒಳಗೆ ಬ್ಯಾಗ್ ಹುಡುಕಲು, ರಾತ್ರಿ ಎದ್ದು ಹೊರಗೆ ಹೋಗಲು ಒಂದು ಲುಮೆನ್ ಅಥವಾ ಅದಕ್ಕಿಂತ ಕಡಿಮೆ ಸಾಕು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಹತ್ತಿರ ಬೇಕು. ಒಂದು ಸಲ ಜೋರು ಬೆಳಕು ಬಿದ್ದರೆ ಅದೆಲ್ಲ ಹೋಯಿತು. ಜೊತೆಗೆ ಪಕ್ಕದಲ್ಲಿ ಮಲಗಿದವರ ನಿದ್ದೆಯೂ ಹೋಯಿತು! ಅಡುಗೆಗೆ, ಊಟಕ್ಕೆ 20-30 ಲುಮೆನ್. ದಾರಿ ನಡೆಯಲು ಆಗಲೇ ಹೇಳಿದ ನೂರು, ನೂರೈವತ್ತು. ದಾರಿ ಕವಲೊಡೆದಾಗ, ಹಳ್ಳ ದಾಟುವ ಮುಂಚೆ ಆಚೆ ದಡ ನೋಡಲು 400-500. ಅದಕ್ಕಿಂತ ಮೇಲಿನದು ಆಗೊಮ್ಮೆ ಈಗೊಮ್ಮೆ ಕೆಲವು ಸೆಕೆಂಡಿಗೆ ಮಾತ್ರ ಬಳಕೆಗೆ ಬರುತ್ತದೆ. ಇನ್ನೊಂದು ವಿಷಯ: ಲುಮೆನ್ ಎರಡು ಪಟ್ಟಾದರೆ ಕಣ್ಣಿಗೆ ಎರಡು ಪಟ್ಟು ಕಾಣುವುದಿಲ್ಲ. ಅದೇ ಟಾರ್ಚ್‌ನಲ್ಲಿ ಎರಡು ಪಟ್ಟು ದೂರ ಕಾಣಬೇಕಾದರೆ ನಾಲ್ಕು ಪಟ್ಟು ಬೆಳಕು ಬೇಕು. ಆದ್ದರಿಂದ 800ಕ್ಕೂ 1000ಕ್ಕೂ ಇರುವ ವ್ಯತ್ಯಾಸಕ್ಕೆ ದುಡ್ಡು ಸುರಿಯಬೇಡಿ.

ನೀವು ಹೇಳಿದಂಥ ಅಗ್ಗದ ಟಾರ್ಚ್‌ಗಳಲ್ಲಿ 5 ಮೋಡ್ ಅಂದರೆ ಸಾಮಾನ್ಯವಾಗಿ ಹೈ, ಮೀಡಿಯಂ, ಲೋ, ಸ್ಟ್ರೋಬ್ (ಬೇಗ ಬೇಗ ಮಿನುಗುವುದು), ಎಸ್‌ಒಎಸ್ (ಸಹಾಯ ಕೇಳುವ ಸಂಕೇತ). ಒಂದೇ ಗುಂಡಿ ಒತ್ತುತ್ತಾ ಈ ಐದನ್ನೂ ದಾಟಬೇಕು. ಕಡಿದಾದ ಇಳಿಜಾರಿನಲ್ಲಿ ಬೆಳಕು ಬದಲಿಸಲು ಹೋದಾಗ ಸ್ಟ್ರೋಬ್ ಬಡಬಡ ಮಿನುಗಿದರೆ ಕಾಲಿಡುವ ಜಾಗ ಅಂದಾಜಿಗೇ ಸಿಗುವುದಿಲ್ಲ. ಅದು ನಿಜಕ್ಕೂ ಅಪಾಯ. ಸ್ಟ್ರೋಬ್ ಬೇರೆಯಾಗಿ ಅಡಗಿರುವ, ಕೊನೆಯ ಸಲ ಬಳಸಿದ ಮೋಡ್ ನೆನಪಿಟ್ಟುಕೊಳ್ಳುವ ಅಥವಾ ಯಾವಾಗಲೂ ಲೋ ಇಂದಲೇ ಶುರುವಾಗುವ ಟಾರ್ಚ್ ನೋಡಿ.

ಜೂಮ್ ಬೇಡ ಅಂದಿದ್ದಕ್ಕೆ ಕಾರಣ ಇದೆ. ಪೂರ್ತಿ ಎಳೆದಾಗ ನಡುವೆ ಒಂದು ಚೌಕ ಬೆಳಕು, ಸುತ್ತ ಕಗ್ಗತ್ತಲು. ನಡೆಯುವವರಿಗೆ ಎದುರಿನ ಬೆಳಕಿನಷ್ಟೇ ಪಕ್ಕಕ್ಕೆ ಚೆಲ್ಲುವ ಬೆಳಕೂ ಮುಖ್ಯ. ಹಾವು, ಜಾರು ಬಂಡೆ ಇರುವುದು ಪಕ್ಕದಲ್ಲೂ ತಾನೇ? ಮೇಲಾಗಿ ಹಿಂದೆ ಮುಂದೆ ಸರಿಯುವ ತಲೆ ಇದ್ದರೆ ನೀರು ಒಳಗೆ ಹೋಗದಂತೆ ಮಾಡುವುದು ಕಷ್ಟ. ಮಲೆನಾಡಿನ ಮಳೆಗೆ ಐಪಿಎಕ್ಸ್7 ಇರಲಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡುವ ಪರೀಕ್ಷೆ ಅದು.

ನಮ್ಮ ಘಟ್ಟಕ್ಕೆ ಹೋಗುವವರು ಗಮನಿಸಲೇಬೇಕಾದದ್ದು ಮಂಜು. ಕುದುರೆಮುಖ, ಮುಳ್ಳಯ್ಯನಗಿರಿ ಕಡೆ ಸಂಜೆ ಮಂಜು ಇಳಿದರೆ ಜೋರು ಬೆಳಕು ಉಪಯೋಗಕ್ಕೆ ಬರುವುದಿಲ್ಲ. ಆಗುಂಬೆ ಘಾಟಿಯಲ್ಲಿ ಮಂಜಿನ ಹೊತ್ತು ಕಾರಿನ ಹೈಬೀಮ್ ಹಾಕಿದ ಹಾಗೆಯೇ, ಎದುರಿಗೆ ಬಿಳಿ ಗೋಡೆ ಎದ್ದುಬಿಡುತ್ತದೆ. ಹಣೆಗೆ ಕಟ್ಟುವ ಹೆಡ್‌ಟಾರ್ಚ್‌ನಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ನೀರಿನ ಹನಿಗಳಿಗೆ ತಾಗಿ ನೇರ ಕಣ್ಣಿಗೇ ವಾಪಸ್ ಬರುತ್ತದೆ. ಆಗ ಹೆಡ್‌ಟಾರ್ಚ್ ಆಫ್ ಮಾಡಿ. ಕೈ ಟಾರ್ಚನ್ನು ಬೆಳಕು ಕಡಿಮೆ ಮಾಡಿ, ಸೊಂಟದ ಮಟ್ಟದಲ್ಲಿ ಹಿಡಿದು ಬೆಳಕನ್ನು ನೆಲಕ್ಕೆ ಬಿಡಿ. ಕಲ್ಲಿನ ಅಂಚು, ನೆರಳು ಚೆನ್ನಾಗಿ ಕಾಣುತ್ತವೆ. ಅದಕ್ಕೇ ನಾನು ಎರಡನ್ನೂ ಒಯ್ಯುತ್ತೇನೆ: ಅಡುಗೆಗೆ, ಟೆಂಟ್ ಕಟ್ಟಲು ಹಣೆಗೆ ಒಂದು ಸಣ್ಣದು, ನಡೆಯಲು ಕೈಗೊಂದು.

ಬೆಳಕಿನ ಬಣ್ಣವನ್ನೂ ಕೇಳಿ ತಿಳಿದುಕೊಳ್ಳಿ. 6500 ಕೆಲ್ವಿನ್ ಅಂದರೆ ನೀಲಿ ಛಾಯೆಯ ಬಿಳಿ. ಅಂಥ ಅಗ್ಗದ ಬೆಳಕಿನಲ್ಲಿ ಕಂದು ಬಣ್ಣಗಳೆಲ್ಲ ಒಂದೇ ಥರ ಬೂದಿಯಾಗಿ ಕಾಣುತ್ತವೆ. 4000-5000 ಕೆಲ್ವಿನ್ ಇದ್ದು, ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಂಕ) 90ಕ್ಕಿಂತ ಮೇಲಿದ್ದರೆ ಬಣ್ಣ ಇದ್ದ ಹಾಗೆಯೇ ಕಾಣುತ್ತದೆ. ಒಣ ಎಲೆಯ ಮೇಲೆ ಸುತ್ತಿಕೊಂಡು ಮಲಗಿದ ಕೊಳಕುಮಂಡಲ, ಕಾಲಿಗೆ ಹತ್ತಿದ ಇಂಬಳ ಬೇಗ ಕಣ್ಣಿಗೆ ಬೀಳುತ್ತವೆ. ಇಂಥ ಎಲ್‌ಇಡಿಯಲ್ಲಿ ಲುಮೆನ್ ಸ್ವಲ್ಪ ಕಡಿಮೆ ಬರುತ್ತದೆ. ನಾನಾದರೆ ಯಾವಾಗಲೂ ಇದನ್ನೇ ಆರಿಸುತ್ತೇನೆ.

ಸೆಲ್ ವಿಷಯದಲ್ಲಿ ಜಿಪುಣತನ ಬೇಡ. '9900 ಎಂಎಎಚ್' ಅಂತ ಬರೆದ 18650 ಕಂಡರೆ ಕಣ್ಣು ಮುಚ್ಚಿ ಬಿಟ್ಟುಬಿಡಿ, ಆ ಗಾತ್ರದಲ್ಲಿ ಅಷ್ಟು ತುಂಬಲು ಆಗುವುದೇ ಇಲ್ಲ. ಅಸಲಿ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ಅಡುಗೆಮನೆ ತಕ್ಕಡಿಯಲ್ಲಿಟ್ಟು ನೋಡಿ, ತೀರಾ ಹಗುರ ಇದ್ದರೆ ನಕಲಿ. ಯುಎಸ್‌ಬಿ-ಸಿ ಚಾರ್ಜಿಂಗ್ ಇರಲಿ, ಪವರ್‌ಬ್ಯಾಂಕಿನಿಂದಲೇ ತುಂಬಿಸಬಹುದು. ಆದರೆ ಸೆಲ್ ಹೊರತೆಗೆಯಲು ಬರುವಂತಿರಬೇಕು. ಬ್ಯಾಗ್‌ನಲ್ಲಿಡುವಾಗ ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲಿಸಿ. ಬಹುತೇಕ ಟಾರ್ಚ್‌ಗಳು ಆಮೇಲೆ ತಾವಾಗಿ ಹೊತ್ತಿಕೊಳ್ಳುವುದಿಲ್ಲ. ಹಿಮಾಲಯಕ್ಕೆ ಹೊರಟರೆ ಬಿಡಿ ಲಿಥಿಯಂ ಸೆಲ್‌ಗಳನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಡಬೇಕು. ಅಲ್ಲಿನ ಚಳಿಗೆ ಸೆಲ್ ಬೇಗ ಸೋಲುತ್ತದೆ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗಿಟ್ಟುಕೊಳ್ಳಿ.

ಕಂಪನಿ ಹೆಸರು ಬೇಕೆಂದರೆ ಫೀನಿಕ್ಸ್, ನೈಟ್‌ಕೋರ್ ಪ್ರತಿ ಮೋಡ್‌ಗೂ ಲುಮೆನ್, ಸಮಯ ಎರಡನ್ನೂ ಪಟ್ಟಿ ಮಾಡಿ ಕೊಡುತ್ತವೆ. ಬೆಲೆ ಜಾಸ್ತಿ ಅನಿಸಿದರೆ ಸೋಫಿರ್ನ್, ಕಾನ್‌ವಾಯ್ ನೋಡಿ. ಯಾವುದೇ ತಗೊಂಡರೂ ಹೊರಡುವ ಮೊದಲು ಪೂರ್ತಿ ಚಾರ್ಜ್ ಮಾಡಿ, ನೀವು ನಡೆಯಲು ಬಳಸುವ ಮೋಡ್‌ನಲ್ಲೇ ಮನೆಯಲ್ಲಿ ಉರಿಸಿಡಿ. ಎಷ್ಟು ಗಂಟೆಗೆ ಬೆಳಕು ಕುಗ್ಗಿತು ಅಂತ ಬರೆದಿಟ್ಟುಕೊಳ್ಳಿ. ಹೆಚ್ಚುವರಿ ಸೆಲ್ ಒಂದು ಬೇಕೋ ಎರಡು ಬೇಕೋ ಅನ್ನುವುದನ್ನು ಆ ಸಮಯ ನೋಡಿ ತೀರ್ಮಾನಿಸಿ.