ಕಲಬುರಗಿಯಲ್ಲಿ ನಂಬಿಕಸ್ಥ ಕಂಪ್ಯೂಟರ್ ರಿಪೇರಿಯವರು ಯಾರಿದ್ದಾರೆ?

ಲ್ಯಾಪ್‌ಟಾಪ್ ಭಾಳ ಸ್ಲೋ ಆಗಿದೆ, ಫಾರ್ಮ್ಯಾಟ್ ಮಾಡಿಸಬೇಕು, ಮೋಸ ಮಾಡದವರು ಯಾರು, ಕಂಪನಿ ಸರ್ವಿಸ್ ಸೆಂಟರ್ ಒಳ್ಳೆಯದೋ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೋ ಅಂತ ಕೇಳಿದ್ದೀರಿ. ಟ್ಯೂಷನ್ ಪ್ರಶ್ನೆಪತ್ರಿಕೆಗಳೆಲ್ಲ ಅದರಲ್ಲೇ ಇವೆ ಅಂತಲೂ ಬರೆದಿದ್ದೀರಿ. ಮೋಸದ ಮಾತು ಆಮೇಲೆ ನೋಡೋಣ. ಮೊದಲು ಆ ಫಾರ್ಮ್ಯಾಟ್ ಯೋಚನೆ ಬಿಡಿ.

ನಾನು ಇಲ್ಲಿನ ನೆಹರು ಗಂಜ್ ಮಾರುಕಟ್ಟೆಯ ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೊಗರಿ ಸೀಜನ್. ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯ ರೈತರ ಮಾಲು ಒಂದರ ಹಿಂದೊಂದು ಬಂದು ಇಳಿಯುತ್ತಿರುತ್ತದೆ. ತೂಕ, ಹಮಾಲಿ, ಪಟ್ಟಿ (ರೈತನಿಗೆ ಕೊಡುವ ಲೆಕ್ಕದ ಚೀಟಿ), ಉದ್ರಿ ಎಲ್ಲವನ್ನೂ ಅವತ್ತಿನದು ಅವತ್ತೇ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ಗೆ ಏರಿಸಬೇಕು. ಒಂದು ವರ್ಷ ಶಿವರಾತ್ರಿ ಹೊತ್ತಿಗೆ ಅಂಗಡಿಯ ಕಂಪ್ಯೂಟರ್ ಎಷ್ಟು ನಿಧಾನವಾಯಿತೆಂದರೆ ಒಂದು ವೋಚರ್ ಸೇವ್ ಆಗುವಷ್ಟರಲ್ಲಿ ಎದುರಿಗೆ ನಿಂತ ರೈತ ಎರಡು ಸಲ ಗಡಿಯಾರ ನೋಡುತ್ತಿದ್ದ. ಮಾರ್ಚ್ ಮುಗಿಯುವುದರೊಳಗೆ ವರ್ಷದ ಲೆಕ್ಕ ಕೂಡಿಸಬೇಕಿತ್ತು. ನಮಗೆ ಮೊದಲಿನಿಂದ ಗೊತ್ತಿದ್ದ ರಿಪೇರಿ ಹುಡುಗನನ್ನು ಕರೆಸಿದೆ.

"ತಮ್ಮಾ, ಭಾಳ ಸ್ಲೋ ಆಗ್ಯಾದ, ಫಾರ್ಮ್ಯಾಟ್ ಹೊಡದ್ ಬಿಡು" ಅಂದೆ.

"ಡೆಸ್ಕ್‌ಟಾಪ್‌ದಾಗಿಂದು, ಡಾಕ್ಯುಮೆಂಟ್ಸ್‌ದಾಗಿಂದು ತಗದ್ ಇಡ್ತೀನ್ರಿ ಅಕ್ಕಾರ. ಮತ್ತೇನರ ಅದ ಏನ್ರಿ?"

"ಇಲ್ಲ, ಅಷ್ಟೇ."

ನನಗೆ ಪೆಟ್ಟು ಕೊಟ್ಟಿದ್ದು ಈ ಮಾತು. ನೀವು ಇದೇ ಮಾತು ಹೇಳಬಾರದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡೆಸ್ಕ್‌ಟಾಪ್ ಮೇಲೆ ಟ್ಯಾಲಿಯ ಚಿತ್ರ ಇತ್ತು, ದಿನಾ ಅದನ್ನೇ ಒತ್ತಿ ಒಳಗೆ ಹೋಗುತ್ತಿದ್ದೆ. ಹಾಗಾಗಿ ಲೆಕ್ಕವೂ ಅಲ್ಲೇ ಇದೆ ಅಂತ ತಿಳಿದಿದ್ದೆ. ಆದರೆ ಆ ಚಿತ್ರ ಬರೀ ಶಾರ್ಟ್‌ಕಟ್. ನಾವೇ ಬೇರೆ ಜಾಗ ತೋರಿಸದಿದ್ದರೆ ಲೆಕ್ಕದ ಫೈಲುಗಳು ಸಾಮಾನ್ಯವಾಗಿ ಸಿ ಡ್ರೈವ್‌ನ ಒಳಗೆ, ಯೂಸರ್ಸ್, ಅದರೊಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿಪ್ರೈಮ್, ಅದರೊಳಗೆ ಡೇಟಾ ಅನ್ನೋ ಫೋಲ್ಡರ್‌ನಲ್ಲಿ ಇರುತ್ತವೆ. ಫಾರ್ಮ್ಯಾಟ್ ಅಂದರೆ ಸಿ ಡ್ರೈವನ್ನೇ ಒರೆಸಿ ಹೊಸದಾಗಿ ವಿಂಡೋಸ್ ಹಾಕುವುದು. ಹುಡುಗ ನಾನು ಹೇಳಿದ ಎರಡೂ ಜಾಗದಿಂದ ಒಂದು ಫೈಲೂ ಬಿಡದೆ ಕಾಪಿ ಮಾಡಿದ. ಟ್ಯಾಲಿಯ ಶಾರ್ಟ್‌ಕಟ್ ಕೂಡ ಕಾಪಿ ಆಗಿತ್ತು! ಸಂಜೆ ಟ್ಯಾಲಿ ಹಾಕಿ ತೆರೆದರೆ ಹೊಸ ಕಂಪನಿ ಮಾಡಿ ಅಂತ ಕೇಳಿತು. ನಮ್ಮ ಅಂಗಡಿಯ ಹೆಸರೇ ಇರಲಿಲ್ಲ. ಡಿ ಡ್ರೈವ್‌ನಲ್ಲಿ ಬ್ಯಾಕಪ್ ಇತ್ತು, ಆದರೆ ಅದು ದೀಪಾವಳಿ ಪೂಜೆಯ ದಿನ ತೆಗೆದದ್ದು. ಇಡೀ ತೊಗರಿ ಸೀಜನ್ ಅದರ ಆಚೆ ಉಳಿದಿತ್ತು.

ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಮೇಲೆ ಹೊಸದು ಬರೆಯುವವರೆಗೂ ಏನಾದರೂ ಸಿಗುವ ಆಸೆ ಇರುತ್ತದೆ. ನಮ್ಮದರಲ್ಲಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಹೊಸ ಥರದ ಡಿಸ್ಕ್ ಇತ್ತು. ಫಾರ್ಮ್ಯಾಟ್ ಮಾಡಿದಾಗ ಈ ಜಾಗವೆಲ್ಲ ಖಾಲಿ ಅಂತ ವಿಂಡೋಸ್ ಅದಕ್ಕೆ ತಿಳಿಸುತ್ತದೆ, ಅದು ತಾನೇ ಒಳಗೊಳಗೆ ಅಳಿಸಿಕೊಳ್ಳುತ್ತದೆ. ಟ್ರಿಮ್ ಅಂತಾರೆ. ಹೈದರಾಬಾದಿನಲ್ಲಿ ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ದೆ. ಅವರು ಅದನ್ನು ನೋಡಿ, ಆಗೋದಿಲ್ಲ ಅಂತ ಕೈಮುಗಿದು ವಾಪಸ್ ಕೊಟ್ಟರು.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್ಲ ಸಿಗುತ್ತಲ್ಲ ಅಂತ ನಮ್ಮ ಸಾವ್ಕಾರರೂ ಕೇಳಿದರು. ರೈತ ಬಿಡಿಯಾಗಿ ತರುವ ತೊಗರಿಗೆ ಜಿಎಸ್‌ಟಿ ಇಲ್ಲ, ಅವನು ನಮಗೆ ಬಿಲ್ಲೂ ಕೊಡುವುದಿಲ್ಲ. ಯಾರ ಮಾಲು ಎಷ್ಟು, ಯಾರ ಉದ್ರಿ ಎಷ್ಟು ಎಂಬುದು ಅಲ್ಲಿರುವುದಿಲ್ಲ. ಕಾರ್ಬನ್ ಹಾಕಿ ಬರೆದ ಪಟ್ಟಿ ಪುಸ್ತಕಗಳನ್ನು ಗೋದಾಮಿನಿಂದ ಹೊರಗೆ ತೆಗೆದು, ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಮತ್ತೆ ಏರಿಸಿದೆವು. ಕೆಲವರು ತಮ್ಮ ಪಟ್ಟಿ ತಾವೇ ತಂದು, "ನಮ್ಮ ಕಡಿ ಇಷ್ಟ್ ಬಾಕಿ ಅದ, ಬರ್ಕೋರಿ ಅಕ್ಕಾರ" ಅಂದರು. ಅವರ ಋಣ ನಾನು ಮರೆಯುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಹುಡುಗ ಮೋಸಗಾರನಲ್ಲ. ಅಷ್ಟು ಪ್ರಾಮಾಣಿಕ ಹುಡುಗ ಗಂಜ್‌ನಲ್ಲಿ ಇನ್ನೊಬ್ಬ ಸಿಗುವುದು ಕಷ್ಟ. ರ‍್ಯಾಮ್ ಕದ್ದು ಬದಲಿಸಲಿಲ್ಲ, ಸುಳ್ಳು ಬಿಲ್ ಮಾಡಲಿಲ್ಲ, ವಿಷಯ ಗೊತ್ತಾದ ಮೇಲೆ ದುಡ್ಡನ್ನೂ ತಗೊಳ್ಳಲಿಲ್ಲ. "ನಾ ಕೇಳಿದ್ನಲ್ರಿ ಅಕ್ಕಾರ" ಅಂತ ನಿಂತಿದ್ದ, ಅವನು ಕೇಳಿದ್ದೂ ನಿಜ. ಆದ್ದರಿಂದ ನಂಬಿಕಸ್ಥರನ್ನು ಹುಡುಕಿದರೆ ಸಾಕು ಅನ್ನೋ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನಿಗಿಂತ, ಹೇಳಿದ್ದು ಸರಿಯೇ ಅಂತ ತಡೆದು ಕೇಳುವವನು ಬೇಕು. ಡಾಕ್ಟರ ಹತ್ತಿರ ಹೋಗಿ ಇಂಥದ್ದೇ ಇಂಜೆಕ್ಷನ್ ಚುಚ್ಚಿ ಅಂತ ಹೇಳುತ್ತೇವೆಯೇ? ಏನು ತ್ರಾಸು ಆಗುತ್ತಿದೆ ಅದನ್ನಷ್ಟೇ ಹೇಳಿ: ಯಾವಾಗಿನಿಂದ ಸ್ಲೋ, ಮಧ್ಯಾಹ್ನ ಜಾಸ್ತಿಯೋ ಬೆಳಿಗ್ಗೆಯೂ ಹಾಗೇ ಇದೆಯೋ, ಫ್ಯಾನ್ ಸದ್ದು ಮಾಡುತ್ತದೆಯೋ.

ಯಾಕೆಂದರೆ ಫಾರ್ಮ್ಯಾಟ್ ಆದ ಮೇಲೂ ನಮ್ಮ ಕಂಪ್ಯೂಟರ್ ಮತ್ತೆ ಸ್ಲೋ ಆಯಿತು. ಆಗ ಸ್ಟೇಷನ್ ರೋಡ್ ಕಡೆಯ ಒಬ್ಬ ಹಿರಿಯರ ಹತ್ತಿರ ಒಯ್ದೆ. ಅವರು ಕೀಲಿಮಣೆಯನ್ನು ಮುಟ್ಟುವ ಮೊದಲೇ "ಇದನ್ನ ಎಲ್ಲಿ ಇಟ್ಟೀರಿ? ಏನೇನು ಕೆಲಸ ಮಾಡ್ತೀರಿ ಇದರಾಗ?" ಅಂತ ಕೇಳಿದರು. ಗಂಜ್ ಅಂದ ಕೂಡಲೇ ಪಕ್ಕದ ಮುಚ್ಚಳ ಬಿಚ್ಚಿದರು. ಪ್ರೊಸೆಸರ್ ಮೇಲಿನ ಫ್ಯಾನಿಗೆ ತೊಗರಿ ಧೂಳು ಕಂಬಳಿಯಂತೆ ಮೆತ್ತಿತ್ತು, ಕೆಳಗಿನ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಶಾಖ ಹೊರಗೆ ದಾಟಿಸುವ ಅಂಟು) ಒಣಗಿ ಬಿರುಕು ಬಿಟ್ಟಿತ್ತು. ಪ್ರೊಸೆಸರ್ 100 ಡಿಗ್ರಿ ಹತ್ತಿರ ಕಾದರೆ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮೂರಲ್ಲಿ ಇದು ಮಾಮೂಲು. ಬ್ರಷ್ ಹೊಡೆದು, ಬ್ಲೋವರ್ ಹಿಡಿದು, ಹೊಸ ಪೇಸ್ಟ್ ಹಚ್ಚಿದರು, ಅಷ್ಟಕ್ಕೇ ಸರಿಹೋಯಿತು. ನಾನು ಕಳೆದುಕೊಂಡ ಆ ಸೀಜನ್‌ನ ಲೆಕ್ಕಕ್ಕೂ ಈ ಕಾಯಿಲೆಗೂ ಸಂಬಂಧವೇ ಇರಲಿಲ್ಲ.

ಹೀಗೆ ಕೇಳುವವರು ಸೂಪರ್ ಮಾರ್ಕೆಟ್‌ನ ಸಣ್ಣ ಅಂಗಡಿಯಲ್ಲೂ ಇರಬಹುದು, ದೊಡ್ಡ ಎಸಿ ಶೋರೂಮಿನಲ್ಲಿ ಇಲ್ಲದಿರಬಹುದು. ವಾರಂಟಿ ಇದ್ದರೆ ಕಂಪನಿ ಸೆಂಟರಿಗೇ ಹೋಗಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಡೇಟಾಕ್ಕೆ ನಾವು ಜವಾಬ್ದಾರರಲ್ಲ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ, ಓದಿ ಸಹಿ ಹಾಕಿ. ಗೂಗಲ್‌ನ ಸ್ಟಾರ್ ನೋಡಿ ಹೋಗುವುದನ್ನು ನಾನಂತೂ ಮಾಡುವುದಿಲ್ಲ. ನಿಮ್ಮ ಓಣಿಯ ಡಿಟಿಪಿ ಅಂಗಡಿಯವರನ್ನು, ಝೆರಾಕ್ಸ್‌ನವರನ್ನು ಕೇಳಿ. ದಿನವಿಡೀ ಕಂಪ್ಯೂಟರ್ ಮೇಲೆಯೇ ಹೊಟ್ಟೆ ಹೊರೆಯುವವರು ಯಾರನ್ನು ಕರೆಸುತ್ತಾರೋ ಅವರೇ ನಿಮಗೂ ಸರಿ. ಯಾರ ಹತ್ತಿರ ಕೊಟ್ಟರೂ ಬಿಲ್ ಕೇಳಿ, ಬದಲಿಸಿದ ಹಳೆ ಪಾರ್ಟನ್ನು ವಾಪಸ್ ಕೇಳಿ. ಬಿಲ್ ಕೈಯಲ್ಲಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯಾದರೂ ಇರುತ್ತದೆ. ಪುಕ್ಕಟೆ ವಿಂಡೋಸ್ ಆಕ್ಟಿವೇಟ್ ಮಾಡಿಕೊಡ್ತೀನಿ ಅಂದವರಿಂದ ನಿಮ್ಮ ಲ್ಯಾಪ್‌ಟಾಪನ್ನು ಹಿಂದಕ್ಕೆ ತಗೊಳ್ಳಿ. ಆ ಆಕ್ಟಿವೇಟರ್ ಜೊತೆ ಏನೇನು ಒಳಗೆ ಬರುತ್ತದೋ ಅವರಿಗೂ ಗೊತ್ತಿರುವುದಿಲ್ಲ.

ನಿಮ್ಮದು ವಿಂಡೋಸ್ 11 ಇದ್ದರೆ ಇನ್ನೊಂದು ಕೆಲಸ ಇದೆ. ಈಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್‌ಗೆ ನಮಗೆ ಗೊತ್ತಿಲ್ಲದೆಯೇ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಮದರ್‌ಬೋರ್ಡ್ ಬದಲಿಸಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ಎಂಥ ನಿಪುಣನೂ ಒಳಗೆ ಹೋಗಲಾರ. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅಂಗಡಿಗೆ ಹೋಗುವ ಮೊದಲೇ ಮೊಬೈಲ್‌ನಲ್ಲಿ ಲಾಗಿನ್ ಆಗಿ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

ಪ್ರಶ್ನೆಪತ್ರಿಕೆಗಳನ್ನು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಹಳೆಯ ನುಡಿ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಆ ಫೈಲ್ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಗೊತ್ತಿಲ್ಲದವರು ಫೈಲ್ ಕೆಟ್ಟಿದೆ ಅಂತ ಅಳಿಸಿಬಿಡುವ ಅಪಾಯ ಇದೆ. ಇವತ್ತೇ ಒಂದು ಪೆನ್‌ಡ್ರೈವ್ ತಂದು ಎಲ್ಲವನ್ನೂ ನೀವೇ ಕಾಪಿ ಮಾಡಿ. ಆಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಆ ಪೆನ್‌ಡ್ರೈವ್ ಹಾಕಿ, ನಾಲ್ಕಾರು ಫೈಲ್ ತೆರೆದು ನೋಡಿ. ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಡುವುದು ಅದಾದ ಮೇಲೆ.