ಖಾಲಿ ಗಾಡಿ ಕಟಕಟ, ಲೋಡ್ ಬಿದ್ದರೆ ಸದ್ದೇ ಇಲ್ಲ

ಪ್ರಶ್ನೆ: ಐದು ವರ್ಷದ ಪಿಕಪ್ ಇದೆ. ಮೈಸೂರಿನ ಬಂಡಿಪಾಳ್ಯ ಮಾರ್ಕೆಟ್‌ಗೆ ತರಕಾರಿ ಹೊಡೆಯುತ್ತೇನೆ. ವಾಪಸ್ ಬರುವಾಗ ಖಾಲಿ ಗಾಡಿ ಹಂಪ್ ಹತ್ತಿಳಿದರೆ ಹಿಂದುಗಡೆ ಕಟಕಟ ಅನ್ನುತ್ತದೆ, ಲೋಡ್ ಇದ್ದರೆ ಇಲ್ಲ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದೆ, ಸದ್ದು ಹೋಗಿಲ್ಲ. ಹಿಂದಿನ ಸ್ಪ್ರಿಂಗ್‌ಗೆ ಒಂದು ಪ್ಲೇಟ್ (ಉಕ್ಕಿನ ಪಟ್ಟಿ) ಜಾಸ್ತಿ ಹಾಕಿಸು ಎಂದು ಕೆಲವರು ಅನ್ನುತ್ತಿದ್ದಾರೆ. ಹಾಕಿಸಲೇ?
– ಓದುಗರು, ಪಾಂಡವಪುರ

ಉತ್ತರ: ದಯವಿಟ್ಟು ಹಾಕಿಸಬೇಡಿ. ಲೋಡ್ ಬಿದ್ದರೆ ಸದ್ದಿಲ್ಲ ಎಂದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಭಾರ ಬಿದ್ದಾಗ ಪ್ಲೇಟುಗಳು ಒಂದರ ಮೇಲೊಂದು ಬಿಗಿಯಾಗಿ ಕೂರುತ್ತವೆ, ಸವೆದ ಬುಷ್ (ಸ್ಪ್ರಿಂಗ್ ತುದಿಯಲ್ಲಿ ಪಿನ್ ಸುತ್ತ ಇರುವ ಬಳೆ) ಒಳಗೆ ಪಿನ್ ಒಂದೇ ಮಗ್ಗುಲಿಗೆ ಒರಗಿಕೊಳ್ಳುತ್ತದೆ. ಖಾಲಿ ಆದ ತಕ್ಷಣ ಅದೇ ಸಂದಿನಲ್ಲಿ ಪಿನ್ ಕುಣಿಯುತ್ತದೆ. ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಸೇರಿಸುವ ತೂಗುಪಟ್ಟಿ, ಅಂದರೆ ಶ್ಯಾಕಲ್, ಅದರ ಬುಷ್ ಮೇಲೆ ಮೊದಲ ಅನುಮಾನ.

ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು ಮಾಡಿ. ಹಿಂದಿನ ಡೋರ್‌ನ ಕೊಂಡಿಗಳಿಗೆ ಗೋಣಿಚೀಲ ಸಿಕ್ಕಿಸಿ, ಸ್ಟೆಪ್ನಿ ಬಿಗಿ ಮಾಡಿ, ಜಾಕಿ, ಸ್ಪಾನರ್ ಎಲ್ಲ ಇಳಿಸಿ ಅದೇ ಹಂಪ್ ದಾಟಿ. ಎಷ್ಟೋ ಸಲ ಸಸ್ಪೆನ್ಷನ್ ಎಂದುಕೊಂಡಿದ್ದು ಸ್ಟೆಪ್ನಿ ಆಗಿರುತ್ತದೆ.

ಆಮೇಲೂ ಸದ್ದಿದ್ದರೆ ಅಡಿಯನ್ನು ನೀರು ಹೊಡೆದು ತೊಳೆಯಿರಿ. ನಾಲೆ ಏರಿಯ ಮೇಲೆ, ಕಬ್ಬಿನ ಗದ್ದೆಯೊಳಗೆ ಓಡಾಡಿದ ಗಾಡಿಯಲ್ಲಿ ಕೆಸರು ಕಟ್ಟಿಕೊಂಡು ಬಿರುಕು ಕಾಣುವುದೇ ಇಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ದಿಮ್ಮಿ ಕೊಟ್ಟು, ಹಿಂದುಗಡೆ ಚಾಸಿಗೆ ಜಾಕಿ ಕೊಟ್ಟು ಸ್ಪ್ರಿಂಗ್ ಮೇಲಿನ ಭಾರ ಇಳಿಸಿ. ಚಾಸಿಯ ಎರಡೂ ಕಡೆ ಸ್ಟ್ಯಾಂಡ್ ಕೊಡದೆ ಅಡಿಗೆ ತಲೆ ಹಾಕಬೇಡಿ, ಬರೀ ಜಾಕಿಯನ್ನು ನಂಬಲೇಬಾರದು. ಶ್ಯಾಕಲ್ ಪಟ್ಟಿಗೂ ಸ್ಪ್ರಿಂಗ್ ಕಣ್ಣಿಗೂ (ತುದಿಯ ದುಂಡು ಸುರುಳಿ) ನಡುವೆ ಉದ್ದ ಲಿವರ್ ತೂರಿಸಿ ಮೀಟಿ. ರಬ್ಬರ್ ಸ್ವಲ್ಪ ಬಾಗಿ ಸದ್ದಿಲ್ಲದೆ ವಾಪಸ್ ಬಂದರೆ ಸರಿ. ಕಬ್ಬಿಣಕ್ಕೆ ಕಬ್ಬಿಣ ತಗುಲಿ 'ಟಕ್' ಅಂದರೆ ಬುಷ್ ಹೋಗಿದೆ. ಬುಷ್ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಸುರಿದಿದ್ದರೂ ಅದೇ ಅರ್ಥ. ಒಂದೇ ಕಡೆ ಬದಲಿಸಬೇಡಿ, ಎಡ ಬಲ ಎರಡೂ ಬದಲಿಸಿ.

ಪ್ಲೇಟುಗಳನ್ನು ಹಿಡಿದಿರುವ ಕ್ಲಿಪ್ ಸಡಿಲವಾಗಿದೆಯೇ, ಪ್ಲೇಟ್ ಕಟ್ಟಾಗಿದೆಯೇ ನೋಡಿ. ಬಿರುಕು ಬಿಡುವುದು ಹೆಚ್ಚಾಗಿ ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ತೂತಿನ ಹತ್ತಿರ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಅಡಿಯಲ್ಲಿ. ಪಕ್ಕಕ್ಕೆ ಇಳಿದ ತುಕ್ಕಿನ ಗೆರೆಯೊಂದೇ ಗುರುತು. ಸ್ಪ್ರಿಂಗ್‌ನ ಮುಂದಿನ ಕಣ್ಣಿನ ಬೋಲ್ಟ್‌ನಿಂದ ಆಕ್ಸಲ್‌ವರೆಗೆ ಎರಡೂ ಕಡೆ ಟೇಪ್ ಹಿಡಿಯಿರಿ. 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿರಬಹುದು, ಆ ಗಾಡಿಗೆ ಲೋಡ್ ಹಾಕಬಾರದು. ಬಿಚ್ಚಿದ ಯು ಬೋಲ್ಟನ್ನು ಮತ್ತೆ ಹಾಕಬೇಡಿ, ಅದು ಒಮ್ಮೆ ಎಳೆದುಕೊಂಡಿರುತ್ತದೆ. ಹೊಸದನ್ನು ಅಡ್ಡಡ್ಡ ಜೋಡಿಯಾಗಿ ಬಿಗಿದು, ಒಂದಷ್ಟು ಲೋಡ್ ಹೊಡೆದ ಮೇಲೆ ಮತ್ತೊಮ್ಮೆ ಬಿಗಿಸಿ.

ಹೊಸ ಶಾಕ್ ಅಬ್ಸಾರ್ಬರನ್ನೂ ಬಿಡಬೇಡಿ. ಹಾಕುವ ಮುಂಚೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ ಗಾಳಿ ತೆಗೆಯದಿದ್ದರೆ ಹೊಸದೂ ಕಟಕಟ ಅನ್ನುತ್ತದೆ. ಇನ್ನೊಂದು, ಗಾಡಿ ಜಾಕಿ ಮೇಲಿದ್ದಾಗಲೇ ಬುಷ್ ಬೋಲ್ಟ್ ಪೂರ್ತಿ ಬಿಗಿದುಬಿಡುವ ಅಭ್ಯಾಸ. ಗಾಡಿ ಕೆಳಗಿಳಿದ ಮೇಲೆ ಆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೈಬಿಗಿ ಮಾಡಿ, ಗಾಲಿ ನೆಲಕ್ಕೆ ಕೂತ ಮೇಲೆ ಕೊನೆಯ ಬಿಗಿ ಕೊಡಬೇಕು. ಶ್ಯಾಕಲ್‌ಗೂ ಇದೇ ಮಾತು.

ಇನ್ನು ಜಾಸ್ತಿ ಪ್ಲೇಟ್. ಅದರಿಂದ ಸದ್ದು ಅಡಗಬಹುದು, ಸವೆದ ಬುಷ್ ಮಾತ್ರ ಅಲ್ಲೇ ಇರುತ್ತದೆ. ಹಿಂದಿನ ಆಕ್ಸಲ್‌ಗೆ ಲೋಡ್ ಸೆನ್ಸಿಂಗ್ ವಾಲ್ವ್ (ಭಾರಕ್ಕೆ ತಕ್ಕಂತೆ ಬ್ರೇಕ್ ಒತ್ತಡ ಕೊಡುವುದು) ಇರುವ ಗಾಡಿಯಲ್ಲಿ ಅಪಾಯ ಇನ್ನೂ ದೊಡ್ಡದು. ಪ್ಲೇಟ್ ಸೇರಿಸಿದರೆ ಬಾಡಿ ಎದ್ದು ನಿಲ್ಲುತ್ತದೆ, ಲೋಡ್ ತುಂಬಿದ್ದರೂ ಗಾಡಿ ಹಗುರವಾಗಿದೆ ಎಂದು ವಾಲ್ವ್ ಲೆಕ್ಕ ಹಾಕುತ್ತದೆ, ಹಿಂದಿನ ಬ್ರೇಕ್‌ಗೆ ಒತ್ತಡ ಕಮ್ಮಿ ಕೊಡುತ್ತದೆ. ಲೋಡ್ ಗಾಡಿಯ ಬ್ರೇಕ್ ಕಮ್ಮಿಯಾಗುವ ಕೆಲಸಕ್ಕೆ ದುಡ್ಡು ಕೊಡಬೇಡಿ.

ಪ್ರಶ್ನೆ: ಹಿಂದಿನ ಸ್ಪ್ರಿಂಗ್ ಕಿರ್ರ್ ಅನ್ನುತ್ತದೆ. ವೇಸ್ಟ್ ಆಯಿಲ್ ಹೊಯ್ದರೆ ಎರಡು ದಿನ ಸುಮ್ಮನಿದ್ದು ಮತ್ತೆ ಶುರು.
– ಓದುಗರು, ಮದ್ದೂರು

ಉತ್ತರ: ಆಯಿಲ್ ರಬ್ಬರ್ ಬುಷ್ ಅನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಧೂಳನ್ನೂ ಹಿಡಿದುಕೊಳ್ಳುತ್ತದೆ. ಇವತ್ತಿಗೇ ನಿಲ್ಲಿಸಿ. ಸೋಪು ನೀರನ್ನು ಒಂದೊಂದು ಜಾಗಕ್ಕೆ ಬೇರೆ ಬೇರೆಯಾಗಿ ಹೊಡೆದು ಗಾಡಿ ಕುಲುಕಿಸಿ. ಎಲ್ಲಿ ನೀರು ಬಿದ್ದಾಗ ಕಿರ್ರ್ ನಿಲ್ಲುತ್ತದೋ ಅದೇ ಜಾಗ. ಪ್ಲೇಟುಗಳ ತುದಿ ಆಗಿದ್ದರೆ ಬಿಚ್ಚಿಸಿ, ತುಕ್ಕು ಉಜ್ಜಿ, ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿ ಕೂರಿಸಬೇಕು. ತುದಿಗಳ ನಡುವೆ ಪ್ಯಾಡ್ ಇರುವ ಸ್ಪ್ರಿಂಗ್ ಆದರೆ ಗ್ರೀಸ್ ಬೇಡ, ಸವೆದ ಪ್ಯಾಡ್ ಬದಲಿಸಿ. ಪಿನ್‌ಗೆ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಇದ್ದರೆ ಗ್ರೀಸ್ ಗನ್ನಿನಲ್ಲಿ ಹಳೆ ಗ್ರೀಸ್ ಹೊರಬರುವವರೆಗೆ ಹೊಡೆಯಿರಿ.

ಪ್ರಶ್ನೆ: ಮುಂದೆ ಕಾಯಿಲ್ ಸ್ಪ್ರಿಂಗ್ ಗಾಡಿ. ಸ್ಟೇರಿಂಗ್ ತಿರುಗಿಸಿದಾಗ, ಬ್ರೇಕ್ ಹಿಡಿದಾಗ 'ಟಕ್' ಅನ್ನುತ್ತದೆ. ಓಡಿಸಬಹುದೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಪರೀಕ್ಷೆ ಆಗುವವರೆಗೆ ಬೇಡ. ಇದು ಗಾಲಿಯ ಭಾಗವನ್ನು ಆರ್ಮ್‌ಗೆ ಸೇರಿಸುವ ಗುಂಡುಕೀಲು, ಅಂದರೆ ಬಾಲ್ ಜಾಯಿಂಟ್ ಇರಬಹುದು, ಅದು ಕಳಚಿದರೆ ಗಾಲಿ ಮಲಗುತ್ತದೆ. ಲೋವರ್ ಆರ್ಮ್ (ಗಾಲಿಯನ್ನು ಚಾಸಿಗೆ ಸೇರಿಸುವ ಕೆಳಗಿನ ತೋಳು) ಅಡಿಗೆ ಜಾಕಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ (ಸಡಿಲ) ಇದ್ದರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ಹೋದರೆ ಗಾಲಿ ಬೇರಿಂಗ್, ಹೋಗದಿದ್ದರೆ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್ (ಸ್ಟೇರಿಂಗ್ ರಾಡನ್ನು ಗಾಲಿಗೆ ಸೇರಿಸುವ ತುದಿ). ಎಲ್ಲೂ ಆಟ ಇಲ್ಲ, ಬ್ರೇಕ್‌ಗೆ ಮಾತ್ರ ಸದ್ದು ಎಂದರೆ ಆರ್ಮ್ ಬುಷ್ ನೋಡಿಸಿ. ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದಾಗ ಬಂತು ಎಂದು ಎಣಿಸಿಟ್ಟುಕೊಂಡು ಹೊಸದನ್ನು ಅಷ್ಟೇ ಸುತ್ತು ಹಾಕಿಸಿ, ಅಲೈನ್‌ಮೆಂಟ್ ಅಂಗಡಿಯವರೆಗೆ ಟೈರ್ ಸವೆಸಿಕೊಳ್ಳದೆ ಹೋಗಬಹುದು.