ನಾಯಿ ಬೆಕ್ಕುಗಳಿಂದ ಕೆಟ್ಟ ಮರದ ನೆಲ: ಕಡಿಮೆ ಖರ್ಚಿನಲ್ಲಿ ಸರಿಪಡಿಸುವುದು ಹೇಗೆ?

ಪ್ರಶ್ನೆ: ನಾವು ಕೊಂಡುಕೊಂಡ ಹಳೆಯ ಮನೆಯ ಎರಡು ಕೋಣೆಗಳಿಗೆ ಓಕ್ ಮರದ ಗಟ್ಟಿ ಹಲಗೆಯ ನೆಲವಿದೆ. ಹಿಂದೆ ಇದ್ದವರು ನಾಯಿಗಳನ್ನೂ ಬೆಕ್ಕನ್ನೂ ಸಾಕಿದ್ದರು. ನೆಲಹಾಸನ್ನು ತೆಗೆದಾಗ ಮೂಲೆಗಳಲ್ಲಿ ಕಪ್ಪು ಕಲೆಗಳೂ ಬಾಗಿಲಿನ ಬಳಿ ಉಗುರಿನ ನೂರಾರು ಗೀರುಗಳೂ ಕಂಡವು. ಹವೆಯಲ್ಲಿ ತೇವ ಹೆಚ್ಚಿದ ದಿನ ಮೂತ್ರದ ವಾಸನೆ ಮತ್ತೆ ಏಳುತ್ತದೆ. ಇಡೀ ನೆಲವನ್ನು ಯಂತ್ರದಿಂದ ಉಜ್ಜಿಸಬೇಕೆಂದು ಗುತ್ತಿಗೆದಾರರು ಹೇಳುತ್ತಾರೆ. ಅಷ್ಟು ಖರ್ಚು ಮಾಡುವ ಸ್ಥಿತಿಯಲ್ಲಿ ನಾವಿಲ್ಲ. ಬೇರೆ ದಾರಿ ಇದೆಯೇ?

ಉತ್ತರ: ದಾರಿ ಇದೆ, ಅದರಲ್ಲಿ ಹೆಚ್ಚಿನದನ್ನು ನೀವೇ ಕೈಯಾರೆ ಮಾಡಿಕೊಳ್ಳಬಹುದು. ಆದರೆ ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್ ಹಿಡಿಯುವ ಮೊದಲು ಕಲೆ ಎಷ್ಟು ಆಳಕ್ಕೆ ಇಳಿದಿದೆ, ಗೀರು ಯಾವ ಪದರದಲ್ಲಿದೆ ಎಂಬುದನ್ನು ಕಂಡುಕೊಳ್ಳಬೇಕು. ಇಂಥ ನೆಲಗಳಲ್ಲಿ ಹಣ ಪೋಲಾಗುವುದು ಬಹುಪಾಲು ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಯಂತ್ರ ಓಡಿಸುವುದರಿಂದಲೇ. ಮೂತ್ರದ ಕಪ್ಪು ಕಲೆ ಹಲವು ಬಾರಿ ಹಲಗೆಯೊಳಗೆ ಆಳವಾಗಿ ಇಳಿದಿರುತ್ತದೆ. ಮೇಲಿನ ಮರವನ್ನು ಒಂದು ಮಿಲಿಮೀಟರಿನಷ್ಟು ತೆಗೆದರೂ ಅದು ಉಳಿಯುತ್ತದೆ, ಸುತ್ತಲಿನ ಮರ ತಿಳಿಯಾದ ಕಾರಣ ಮೊದಲಿಗಿಂತ ಎದ್ದೂ ಕಾಣುತ್ತದೆ.

ಕಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದರೆ ಮದ್ದು ಸುಲಭವಾಗಿ ಹೊಳೆಯುತ್ತದೆ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಉಂಟಾಗುತ್ತದೆ. ಓಕ್ ಮರದಲ್ಲಿ ಹೇರಳವಾಗಿರುವ ಟ್ಯಾನಿನ್ ಎಂಬ ಒಗರು ಅಮೋನಿಯಾ ತಾಗಿದರೆ ಕಂದಾಗುತ್ತದೆ, ಹತ್ತಿರದಲ್ಲಿ ಕಬ್ಬಿಣದ ಮೊಳೆಯಿದ್ದು ತೇವವೂ ಸೇರಿದರೆ ನೀಲಿಗಪ್ಪಾಗುತ್ತದೆ. ವಾಸನೆಯ ಕಥೆ ಬೇರೆ. ಮೂತ್ರದಲ್ಲಿರುವ ಯೂರಿಕ್ ಆಮ್ಲ ನೀರಿನಲ್ಲಿ ಬಹಳ ಕಡಿಮೆ ಕರಗುವುದರಿಂದ ಎಷ್ಟು ಒರೆಸಿದರೂ ಅದರ ಹರಳುಗಳು ಮರದ ನಾರಿನೊಳಗೆ ಉಳಿದು, ಹವೆಯಲ್ಲಿ ತೇವ ಹೆಚ್ಚಿದಾಗಲೆಲ್ಲ ವಾಸನೆ ಬಿಡುತ್ತವೆ. ನಿಮ್ಮ ಕೋಣೆಯಲ್ಲಿ ಆಗುತ್ತಿರುವುದೂ ಇದೇ.

ಆದ್ದರಿಂದ ಮೊದಲು ವಾಸನೆ, ಅನಂತರ ಬಣ್ಣ, ಆಮೇಲೆ ಗೀರು, ಕೊನೆಗೆ ಮೆರುಗು. ಈ ಕ್ರಮವನ್ನು ತಪ್ಪಿಸಬೇಡಿ. ವಾಸನೆ ಹೋಗುವ ಮೊದಲೇ ವಾರ್ನಿಷ್ ಹಚ್ಚಿದರೆ, ಮುಂದೆ ಆ ವಾಸನೆಗಾಗಿಯೇ ವಾರ್ನಿಷ್ ಕೀಳಬೇಕಾಗಿ ಬರಬಹುದು.

ರಾತ್ರಿ ದೀಪ ಆರಿಸಿ ನೇರಳಾತೀತ ಬೆಳಕಿನ ಸಣ್ಣ ಟಾರ್ಚಿನಿಂದ ನೆಲವನ್ನು ನೋಡಿ. ಹಗಲಿನಲ್ಲಿ ಕಾಣದ ಹಳೆಯ ಮೂತ್ರದ ಗುರುತುಗಳೂ ಮಂಕಾಗಿ ಹೊಳೆಯುತ್ತವೆ. ಅವುಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಿಟ್ಟುಕೊಳ್ಳಿ. ಅಷ್ಟು ಜಾಗದಲ್ಲಿ ಮಾತ್ರ ಹಳೆಯ ವಾರ್ನಿಷನ್ನು 80ರ, ಆಮೇಲೆ 120ರ ಉಪ್ಪುಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ ತೆಗೆದು ಬರಿಯ ಮರ ಕಾಣುವಂತೆ ಮಾಡಿ, ಏಕೆಂದರೆ ವಾರ್ನಿಷಿನ ಮೇಲೆ ಸುರಿದ ಯಾವ ಮದ್ದೂ ಒಳಕ್ಕೆ ಹೋಗದು. ಸಾಕುಪ್ರಾಣಿಗಳ ಮೂತ್ರಕ್ಕೆಂದೇ ಮಾರುವ ಕಿಣ್ವಯುಕ್ತ, ಅಂದರೆ ಎನ್‌ಜೈಮ್ ಇರುವ ದ್ರವವನ್ನು ಅಲ್ಲಿ ಹಚ್ಚಿ, ಬೇಗ ಒಣಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಶೀಶೆಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಕಿಣ್ವಗಳು ಕೆಲಸ ಮಾಡುವುದು ಒದ್ದೆಯಾಗಿರುವಷ್ಟು ಹೊತ್ತು ಮಾತ್ರ. ಹಾಗೆಂದು ನೀರು ನಿಲ್ಲುವಂತೆ ಸುರಿದರೆ ಹಲಗೆ ಬಾಗುತ್ತದೆ. ಅಮೋನಿಯಾ ಇರುವ ಸ್ವಚ್ಛಕವನ್ನು ಇಲ್ಲಿ ಬಳಸಲೇಬೇಡಿ. ಕಲೆಯನ್ನು ಅದು ಹೆಚ್ಚಿಸುತ್ತದೆ, ಪ್ರಾಣಿಗಳಿಗೂ ಅದರ ವಾಸನೆ ಮೂತ್ರದಂತೆಯೇ ತೋರಬಹುದು. ಕ್ಲೋರಿನ್ ಬ್ಲೀಚನ್ನೂ ದೂರವಿಡಿ: ಮೂತ್ರದ ಅಮೋನಿಯಾದೊಂದಿಗೆ ಸೇರಿದರೆ ಅದು ಉಸಿರಾಟಕ್ಕೆ ಅಪಾಯಕಾರಿಯಾದ ಅನಿಲವನ್ನು ಬಿಡುತ್ತದೆ.

ವಾಸನೆ ಹೋಗಿ ಮರ ಒಣಗಿದ ಮೇಲೆ ಬಣ್ಣದ ಕೆಲಸ. ಔಷಧದಂಗಡಿಯಲ್ಲಿ ಸಿಗುವ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳಿಯ ಬಟ್ಟೆಯನ್ನು ಅದ್ದಿ, ಕಲೆಯ ಆಕಾರಕ್ಕೆ ಸರಿಯಾಗಿ ಮಡಿಸಿ ಇಟ್ಟು ಪ್ಲಾಸ್ಟಿಕ್ ಮುಚ್ಚಿ. ಗಂಟೆಗೊಮ್ಮೆ ತೆಗೆದು ನೋಡಿ. ಹಳೆಯ ಕಲೆಗೆ ಒಂದು ರಾತ್ರಿಯೇ ಬೇಕಾಗಬಹುದು, ಮಾರನೆಯ ದಿನ ಮತ್ತೊಮ್ಮೆ ಮಾಡಬೇಕಾಗಬಹುದು. ಬಟ್ಟೆ ಕಲೆಯ ಅಂಚನ್ನು ದಾಟಿದರೆ ಒಳ್ಳೆಯ ಮರವೂ ಬಿಳುಚಿಕೊಳ್ಳುತ್ತದೆ. ಇದಕ್ಕೆ ಬೇಕಾದ ತಾಳ್ಮೆಯನ್ನು ದಯವಿಟ್ಟು ತೋರಿಸಿ, ಇಡೀ ಕೆಲಸದಲ್ಲಿ ಕಡಿಮೆ ಹಣಕ್ಕೆ ಹೆಚ್ಚು ಫಲ ಕೊಡುವ ಹಂತ ಇದೇ.

ಮೊಳೆಯ ಸುತ್ತ ನೀಲಿಗಪ್ಪು ಉಳಿದರೆ ಅದು ಕಬ್ಬಿಣ ಮತ್ತು ಒಗರು ಸೇರಿ ಆದ ಕಲೆ, ಅದಕ್ಕೆ ತಕ್ಕ ಮದ್ದು ಆಕ್ಸಾಲಿಕ್ ಆಮ್ಲ. ಹರಳುಗಳನ್ನು ಬಿಸಿನೀರಿನಲ್ಲಿ, ಲೋಹದ್ದಲ್ಲದ ಪಾತ್ರೆಯಲ್ಲಿ ಕರಗಿಸಿ ಹಚ್ಚಿ, ಒಣಗಲು ಬಿಟ್ಟು, ಶುದ್ಧ ನೀರಿನ ಬಟ್ಟೆಯಿಂದ ಹಲವು ಬಾರಿ ಒರೆಸಿ, ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಮ್ಮೆ ಒರೆಸಿ. ಆಕ್ಸಾಲಿಕ್ ಆಮ್ಲ ವಿಷ: ಕೈಗವಸು, ಕನ್ನಡಕ, ಮುಖಗವಸು ಬೇಕೇ ಬೇಕು, ಮಕ್ಕಳನ್ನೂ ಪ್ರಾಣಿಗಳನ್ನೂ ಆ ಕೋಣೆಗೆ ಬಿಡಬಾರದು. ಹರಳು ಉಳಿದ ಮರವನ್ನು ಉಜ್ಜಿದರೆ ಅದರ ಧೂಳು ಮೂಗು ಗಂಟಲನ್ನು ಸುಡುತ್ತದೆ, ಆದ್ದರಿಂದ ತೊಳೆಯುವುದರಲ್ಲಿ ಅವಸರ ಬೇಡ. ಒಂದು ಮದ್ದನ್ನು ಪೂರ್ಣವಾಗಿ ಒರೆಸಿ ಒಣಗಿಸದೆ ಇನ್ನೊಂದನ್ನು ಹಚ್ಚಲೂಬಾರದು.

ಇಷ್ಟಾದ ಮೇಲೂ ಕಪ್ಪು ಉಳಿದರೆ ಎರಡು ದಾರಿಗಳಿವೆ. ಒಂದೆರಡು ಹಲಗೆಗಳಷ್ಟೇ ಕೆಟ್ಟಿದ್ದರೆ, ಕಪಾಟಿನ ಒಳಗಿನ ನೆಲದಿಂದ ಅದೇ ವಯಸ್ಸಿನ, ಅದೇ ಅಗಲದ ಹಲಗೆಯನ್ನು ಕಿತ್ತು ತಂದು ಇಲ್ಲಿ ಕೂರಿಸಿ, ಹೊಸ ಹಲಗೆಯನ್ನು ಕಣ್ಣಿಗೆ ಬೀಳದ ಕಪಾಟಿನಲ್ಲಿ ಹಾಕಬಹುದು. ಸುತ್ತಲೂ ಹಲಗೆಗಳಿರುವ ಕಡೆ ಕೂರಿಸಬೇಕಾದರೆ ಹಲಗೆಯ ಬದಿಯಲ್ಲಿ ಪಕ್ಕದ ಹಲಗೆಯ ನಾಲಿಗೆ ಸೇರುವ ತೋಡಿನ ಕೆಳತುಟಿಯನ್ನು ಉಳಿಯಿಂದ ಕತ್ತರಿಸಿ, ಮೇಲಿನಿಂದ ಇಳಿಸಿ ಅಂಟಿಸಬೇಕಾಗುತ್ತದೆ. ಆ ಒಂದು ಕೆಲಸಕ್ಕೆ ಬಡಗಿಯನ್ನು ಕರೆಯುವುದು ತಪ್ಪಲ್ಲ. ಕಲೆಗಳು ಹಲವೆಡೆ ಹರಡಿದ್ದರೆ ನೆಲಕ್ಕೆಲ್ಲ ಗಾಢ ಕಂದು ಬಣ್ಣ ಕೊಡಬಹುದು. ತಿಳಿ ಬಣ್ಣದ ಓಕ್ ಎಂಬ ಆಸೆಯನ್ನು ಬಿಡಲು ಮನಸ್ಸು ಒಪ್ಪಿದರೆ ಇದೇ ಅಗ್ಗದ ದಾರಿ, ನೋಡಲೂ ಚೆನ್ನಾಗಿರುತ್ತದೆ.

ಗೀರುಗಳ ವಿಷಯದಲ್ಲಿ ನೀವು ಅಂದುಕೊಂಡಷ್ಟು ಕಷ್ಟವಿಲ್ಲ. ಗೀರಿನ ಮೇಲೆ ಒಂದು ಹನಿ ನೀರು ಸವರಿ ನೋಡಿ: ಬಿಳಿಯ ಗೆರೆ ಆ ಕ್ಷಣಕ್ಕೆ ಮರೆಯಾದರೆ ಪೆಟ್ಟು ವಾರ್ನಿಷಿಗೆ ಮಾತ್ರ ಬಿದ್ದಿದೆ, ಹೊಸ ಲೇಪ ಅದನ್ನು ಮುಚ್ಚುತ್ತದೆ. ನಾಯಿಯ ಉಗುರಿನ ಗೀರುಗಳಲ್ಲಿ ಬಹಳಷ್ಟು ಇಂಥವೇ. ನಿಮ್ಮ ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಅಲ್ಲಷ್ಟೇ ಕೈಯಿಂದ ಉಜ್ಜಬೇಕು. ನಾರು ಕತ್ತರಿಸದೆ ಬರಿದೆ ತಗ್ಗಾಗಿದ್ದರೆ, ವಾರ್ನಿಷ್ ತೆಗೆದ ಜಾಗದಲ್ಲಿ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಕೆಲವು ಕ್ಷಣ ಒತ್ತಿದರೆ ನಾರು ಉಬ್ಬಿ ತಗ್ಗು ತುಂಬಿಕೊಳ್ಳುತ್ತದೆ. ಮೇಣದ ಕಡ್ಡಿಯಿಂದ ಗೀರು ತುಂಬುವುದಾದರೆ ಕೊನೆಯ ಲೇಪ ಒಣಗಿದ ಮೇಲೆಯೇ ತುಂಬಿ. ಮೇಣದ ಮೇಲೆ ವಾರ್ನಿಷ್ ಹಿಡಿಯುವುದಿಲ್ಲ.

ಕೊನೆಗೆ ಮೆರುಗು. ಮದ್ದು ಹಚ್ಚಿದ ಮರ ಕನಿಷ್ಠ ಎರಡು ದಿನ ಒಣಗಲಿ, ನೀರಿಗೆ ಎದ್ದ ನಾರನ್ನು 150ರ ಕಾಗದದಿಂದ ಹಗುರವಾಗಿ ಸವರಿ. ಉಳಿದ ನೆಲವನ್ನು ಮರದ ತನಕ ಕೊರೆಯುವ ಅಗತ್ಯವಿಲ್ಲ. ಹಳೆಯ ವಾರ್ನಿಷಿನ ಹೊಳಪು ಸಾಯುವಷ್ಟು 180 ಅಥವಾ 220ರ ಕಾಗದದಿಂದ ತೀಡಿ, ಧೂಳನ್ನು ಹೀರಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಎರಡು ತೆಳು ಲೇಪ ಪಾಲಿಯುರೆಥೇನ್ ವಾರ್ನಿಷ್ ಹಚ್ಚಿದರೆ ಸಾಕು. ಇಡೀ ನೆಲಕ್ಕೆ ಹಚ್ಚುವ ಮೊದಲು ಒಂದು ಮೂಲೆಯಲ್ಲಿ ಪ್ರಯೋಗ ಮಾಡಿ: ಹಿಂದೆ ಮೇಣವನ್ನೋ ಸಿಲಿಕೋನ್ ಇರುವ ಪಾಲಿಷನ್ನೋ ಬಳಸಿದ್ದರೆ ಹೊಸ ಲೇಪ ಸಿಪ್ಪೆಯೇಳುತ್ತದೆ, ಇಲ್ಲವೇ ಕಣ್ಣುಕಣ್ಣಾಗಿ ಬಿಟ್ಟುಕೊಳ್ಳುತ್ತದೆ. ಒಂದೇ ಜಾಗಕ್ಕೆ ತೇಪೆ ಹಾಕುವುದಾದರೆ ಹಲಗೆಯ ನಡುವೆ ನಿಲ್ಲಿಸದೆ ಸಂದಿನಿಂದ ಸಂದಿನವರೆಗೆ ಪೂರ್ತಿ ಹಲಗೆಗೆ ಹಚ್ಚಿ. ನಡುವೆ ನಿಂತ ಲೇಪದ ಅಂಚನ್ನು ಬೆಳಕು ಎತ್ತಿ ತೋರಿಸುತ್ತದೆ. ಎಣ್ಣೆ ಆಧಾರಿತ ವಾರ್ನಿಷ್ ಮರಕ್ಕೆ ಜೇನುಬಣ್ಣ ಕೊಡುತ್ತದೆ, ಹಳೆಯ ಓಕಿನ ಜೊತೆ ಬೇಗ ಹೊಂದಿಕೊಳ್ಳುತ್ತದೆ. ನೀರು ಆಧಾರಿತವಾದದ್ದು ಬಣ್ಣವನ್ನು ಅಷ್ಟಾಗಿ ಬದಲಿಸದು, ಕೆಲವೇ ಗಂಟೆಗಳಲ್ಲಿ ಒಣಗುತ್ತದೆ. ಎಣ್ಣೆ ಆಧಾರಿತ ವಾರ್ನಿಷ್ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆಯಬೇಡಿ. ತಾವಾಗಿ ಬಿಸಿಯೇರಿ ಅವು ಹೊತ್ತಿಕೊಳ್ಳಬಲ್ಲವು. ಬಯಲಿನಲ್ಲಿ ಹರಡಿ ಒಣಗಿಸಿ.

ಪ್ರಶ್ನೆ: ನಮ್ಮದು ಮೇಲ್ಪದರ ಮಾತ್ರ ಗಟ್ಟಿಮರವಾಗಿ ಕೆಳಗೆ ಪ್ಲೈವುಡ್ ಇರುವ ನೆಲ. ಇದನ್ನೂ ಯಂತ್ರದಿಂದ ಉಜ್ಜಬಹುದೇ?

ಉತ್ತರ: ಮೇಲ್ಪದರದ ದಪ್ಪ ತಿಳಿಯದೆ ಉಜ್ಜಬೇಡಿ. ಇಂಥ ಹಲಗೆಗಳಲ್ಲಿ ಮರದ ಪದರ 1 ಮಿಲಿಮೀಟರಿಗಿಂತ ಕಡಿಮೆಯೂ ಇರಬಹುದು, 6 ಮಿಲಿಮೀಟರೂ ಇರಬಹುದು. ಹೊಸ್ತಿಲ ಪಟ್ಟಿಯನ್ನೋ ಗಾಳಿಕಿಂಡಿಯ ಜಾಲರಿಯನ್ನೋ ಎತ್ತಿದರೆ ಹಲಗೆಯ ಅಡ್ಡಸೀಳು ಕಾಣುತ್ತದೆ, ಅಲ್ಲಿ ಅಳೆಯಿರಿ. 2 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಉಪ್ಪುಕಾಗದ ಸುತ್ತಿದ ಉರುಳೆಯಿಂದ ಉಜ್ಜುವ ಯಂತ್ರವನ್ನು ಮನೆಯೊಳಗೆ ತರಲೇಬೇಡಿ. ಅದು ಒಂದು ಕ್ಷಣ ಒಂದೆಡೆ ನಿಂತರೂ ಗುಳಿ ತೋಡಿ ಕೆಳಗಿನ ಪ್ಲೈವುಡ್ ತೋರಿಸುತ್ತದೆ, ಆಮೇಲೆ ಆ ಹಲಗೆಯನ್ನು ಬದಲಿಸದೆ ಗತ್ಯಂತರವಿಲ್ಲ. ಹೊಳಪು ತೀಡಿ ಮರುಲೇಪ ಕೊಡುವುದೇ ನಿಮಗೆ ಸರಿ.

ಪ್ರಶ್ನೆ: ಕಷ್ಟಪಟ್ಟು ಸರಿಪಡಿಸಿದ ನೆಲದ ಮೇಲೆ ನಮ್ಮ ಬೆಕ್ಕು ಅದೇ ಮೂಲೆಗೆ ಹೋಗಿ ಮತ್ತೆ ಮೂತ್ರ ಮಾಡಿದೆ. ಏನು ಮಾಡಲಿ?

ಉತ್ತರ: ಕೂಡಲೇ ಒತ್ತಿ ಹೀರಿಸಿ, ಉಜ್ಜಬೇಡಿ, ಹೊಸ ಲೇಪದ ಮೇಲೆ ನಿಂತ ಮೂತ್ರ ಸಂದಿಗಿಳಿಯುವ ಮೊದಲೇ ಸಿಕ್ಕರೆ ಕಲೆಯಾಗದು. ನಿಮ್ಮ ಮೂಗಿಗೆ ಸಿಗದ ಹಳೆಯ ವಾಸನೆ ಬೆಕ್ಕಿಗೆ ಸಿಗುತ್ತಿರಬಹುದು, ಆದ್ದರಿಂದ ಗೋಡೆಯ ಬುಡದ ಪಟ್ಟಿಯ ಹಿಂದೆಯೂ ಹಲಗೆಗಳ ಸಂದಿಯಲ್ಲೂ ಕಿಣ್ವದ ದ್ರವ ಹಾಕಿ ನೋಡಿ. ರಬ್ಬರಿನ ತಳವಿರುವ ಚಾಪೆಯನ್ನು ಅಲ್ಲಿ ಹಾಸಬೇಡಿ, ಅದು ವಾರ್ನಿಷಿನ ಬಣ್ಣ ಕೆಡಿಸುತ್ತದೆ. ಇಷ್ಟಾಗಿಯೂ ಬೆಕ್ಕು ಮತ್ತೆ ಮತ್ತೆ ಹೀಗೆಯೇ ಮಾಡಿದರೆ, ಅಥವಾ ಮೂತ್ರಕ್ಕೆಂದು ಕೂತು ತಿಣುಕುತ್ತಿದ್ದರೆ, ನೆಲದ ಚಿಂತೆಯನ್ನು ಬದಿಗಿಟ್ಟು ಅದನ್ನು ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ; ಮೂತ್ರಕೋಶದ ಉರಿಯೂತ ಅಥವಾ ಮೂತ್ರನಾಳ ಕಟ್ಟಿಕೊಂಡಿರುವುದು ಕಾರಣವಿರಬಹುದು, ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದು ದಿನ ತಡಮಾಡಿದರೂ ಪ್ರಾಣಕ್ಕೆ ಅಪಾಯ.